ಹಿತ್ತಿಲ ಗಿಡದ ಮನೆ

ಚಾಂಪಿಯನ್ ರೀಫ್ಸ್
೪ ನವೆಂಬರ್ ೨೦೨೫, ಮಂಗಳವಾರ

ಸೊಸೆ ಪುಷ್ಪಳಿಗೆ ನಿನ್ನ ಮಾವ ಆಂಜಿನಪ್ಪನ ಆಶೀರ್ವಾದ.

ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವನ ಕೈಗೆ ಎಪ್ಪತ್ತನೇ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀಯ. ಇದು ಯಾವ ನ್ಯಾಯ? ಫೋನ್ ಅನ್ನುವುದು ಒಂದು ಇದೆ. ಆರು ತಿಂಗಳಿಂದ ನೀನು ಅದನ್ನು ಎತ್ತುತ್ತಿಲ್ಲ. ಕೊನೆಗೆ ಹೋದ ವಾರ ನಿಮ್ಮಮ್ಮ ಎತ್ತಿದರು. ಬಾಯಲ್ಲಿ ಆಡಿದ್ದು ಸಾಕು, ಏನಿದ್ದರೂ ಬರೆದು ಕಳಿಸಲಿ, ಪುಷ್ಪ ಓದಿಕೊಳ್ಳುತ್ತಾಳೆ ಅಂದು ಇಟ್ಟುಬಿಟ್ಟರು. ಚಿನ್ನದ ಗಣಿಯಲ್ಲಿದ್ದ ಇಪ್ಪತ್ತಾರು ವರ್ಷದಲ್ಲಿ ನಾನು ಬರೆದದ್ದು ಅಂದರೆ ನನ್ನ ಹೆಸರು ಒಂದೇ. ಭಾನುವಾರ ಸಂಜೆ ಈ ಕಾಗದಕ್ಕೆ ಕೂತವನು, ಎರಡು ಸಲ ಹರಿದು ಹಾಕಿ ಈಗ ಮೂರನೆಯದು ಬರೆಯುತ್ತಿದ್ದೇನೆ. ಆರು ತಿಂಗಳು ತಡವಾಯಿತು. ಬೈಯುವುದಿದ್ದರೆ ಬೈದುಕೋ.

ಕ್ಷೇಮ ಅಂತ ಮೊದಲ ಸಾಲಿನಲ್ಲಿ ಹಾಕಬೇಕಂತೆ. ಇಲ್ಲಿ ಯಾರೂ ಕ್ಷೇಮವಾಗಿಲ್ಲ, ಅದಕ್ಕೇ ಹಾಕಲಿಲ್ಲ. ವೇಣು ಬೆಳಗ್ಗೆ ಎದ್ದು ಮಾರಿಕುಪ್ಪಂಗೆ ಹೋಗಿ ರೈಲು ಹತ್ತುತ್ತಾನೆ. ಕಾರ್ಖಾನೆ ಮುಗಿಸಿ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಮೊನ್ನೆ ಭಾನುವಾರದಿಂದ ಮನೆಯಲ್ಲಿ ಉಣ್ಣುತ್ತಲೂ ಇಲ್ಲ. ನಾನು ಮುದ್ದೆ ಮಾಡುತ್ತೇನೆ, ಅರ್ಧ ತಿಂದು ಅರ್ಧ ಪಕ್ಕದ ಮನೆ ಮಾರಿಯಮ್ಮನ ಕೋಳಿಗಳಿಗೆ ಹಾಕುತ್ತೇನೆ.

ಹದಿನಾರನೇ ತಾರೀಕು ಭಾನುವಾರ ಎರಡೂ ಕಡೆಯ ಹಿರಿಯರು ಬಂಗಾರಪೇಟೆಯ ನಿಮ್ಮ ಮನೆಯಲ್ಲಿ ಸೇರುವುದು ನಿನಗೂ ಗೊತ್ತಿರುತ್ತದೆ. ನೀನು ಈ ಮನೆಗೆ ಬರುತ್ತೀಯೋ, ಇಲ್ಲ ಬಿಡಿಸಿಬಿಡುವುದೋ, ಅವತ್ತು ತೀರ್ಮಾನ ಆಗಬೇಕಂತೆ. ಇದಕ್ಕೆಲ್ಲ ಮುಂದೆ ನಿಂತವಳು ನನ್ನ ತಂಗಿ ಚಿಕ್ಕವೆಂಕಟಮ್ಮ. ಹೋದ ವಾರ ಬಂದು ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ವೇಣುವಿನ ಎದುರಿಗೇ ಹೇಳಿದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಇನ್ನೊಬ್ಬರ ಬಾಯಿಂದ ಕೇಳುವುದಕ್ಕಿಂತ ನನ್ನಿಂದ ತಿಳಿಯುವುದು ವಾಸಿ.

"ಆರು ತಿಂಗ್ಳ ಕೂಸ್ನ ಒಟ್ಟೇಲಿಟ್ಕೊಂಡು ವಿಷ ಒಡ್ದಿರೋ ಕಡೀಕೆ ನುಗ್ಗಿದ್ಲಲ್ಲ. ನಮ್ಮಣ್ಣ ಬ್ಯಾಡ ಅಂದ್ರೂ ಕೇಳ್ದೆ ನುಗ್ಗಿದ್ಲು. ಕೂಸು ಓಯ್ತು. ಅಂಥೋಳ್ನ ಇನ್ನೊಂದ್ಕಿತ ಮನೇಗ್ ಕರ್ಕೊಂತೀಯೇನ್ಲಾ ವೇಣು?"

ವೇಣು ಬೂಟಿನ ದಾರ ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. ನಾನೂ ಅಲ್ಲೇ ಇದ್ದೆ. ಎದ್ದು ಹಿತ್ತಿಲಿಗೆ ಹೋದೆ.

ಈಗ ಗಿಡಗಳ ಸುದ್ದಿ ಬರೆಯುತ್ತೇನೆ. ಅದು ಬರೆಯಲು ಸುಲಭ.

ನೀನು ಹೋದಾಗ ಅರವತ್ತೊಂದು ಕುಂಡ ಇದ್ದವು. ಈಗ ನಲವತ್ನಾಲ್ಕು. ಹದಿನೇಳು ಸತ್ತದ್ದು ನನ್ನಿಂದ. ನೀನು ಆಸ್ಪತ್ರೆಯಿಂದ ನೆಟ್ಟಗೆ ತವರಿಗೆ ಹೋದ ಮೇಲೆ ಇಪ್ಪತ್ತು ದಿನ ನಾನು ಹಿತ್ತಿಲ ಕಡೆ ತಿರುಗಲಿಲ್ಲ. ಆ ಬಾಗಿಲು ಕಂಡರೆ ಆಗುತ್ತಿರಲಿಲ್ಲ. ಮೇ ತಿಂಗಳ ಬಿಸಿಲು, ಒಂದು ಹನಿ ನೀರಿಲ್ಲ. ಪಕ್ಕದ ಮನೆ ಮಾರಿಯಮ್ಮ ಗೋಡೆಯ ಮೇಲಿಂದ ಬಗ್ಗಿ ನೋಡಿ ಜಾಡಿಸಿದಳು. "ಯಾರ್ ಮ್ಯಾಲಿನ ಕೋಪಾನ ಗಿಡದ್ ಮ್ಯಾಲೆ ತೀರಿಸ್ಕೊಂತೀಯಪ್ಪ? ಪಾವಂ, ಪಾಪದ್ದು, ಬಾಯಿಲ್ದಿರೋದು" ಅಂದಳು. ಅವಳೇ ಪೈಪು ಎಳೆದುಕೊಂಡು ಬರುವುದಕ್ಕೆ ಹೊರಟಳು. ಬೋರಿನ ನೀರು ಹಾಕಿಬಿಡುತ್ತಾಳಲ್ಲ ಅಂತ ನಾನೇ ಎದ್ದು ಹೋದೆ. ಬೋರಿನ ನೀರಿನಲ್ಲಿ ಉಪ್ಪಿದೆ, ಬೇರಿನ ತುದಿ ಸುಟ್ಟುಹೋಗುತ್ತದೆ ಅಂತ ನೀನು ಹೇಳಿದ್ದು ನೆನಪಿತ್ತು. ಒಳಗೆ ಹೋದರೆ ಎಲೆಗಳೆಲ್ಲ ಮುದುಕರ ಕೈಯಂತೆ ಸುಕ್ಕುಗಟ್ಟಿದ್ದವು.

ನೀನು ಮದುವೆಯಾಗಿ ಬರುವಾಗ ಅಕ್ಕಿಮೂಟೆಯ ಚೀಲದಲ್ಲಿ ಒಂಬತ್ತು ಆರ್ಕಿಡ್ ಗಿಡ ತಂದಿದ್ದೆ. ಬಂಗಾರಪೇಟೆ ರಸ್ತೆಯ ಹೂವಿನ ತೋಟದಲ್ಲಿ ನಾಲ್ಕು ವರ್ಷ ಕೂಲಿ ಮಾಡಿದವಳು, ಅವರು ಬೇಡವೆಂದು ಎಸೆದದ್ದನ್ನು ಆರಿಸಿ ತಂದಿದ್ದೆ. ಪಾತ್ರೆ ಬದಲು ಬೇರು ತಂದವಳೆ ಅಂತ ಚಿಕ್ಕವೆಂಕಟಮ್ಮ ಅವತ್ತೂ ಆಡಿಕೊಂಡಿದ್ದಳು. ಮಣ್ಣಿಲ್ಲದೆ ಇದ್ದಿಲು, ಇಟ್ಟಿಗೆ ಚೂರಿನಲ್ಲಿ ಗಿಡ ಬದುಕುತ್ತದೆ ಅಂದರೆ ನಾನೂ ನಂಬಿರಲಿಲ್ಲ. ಮೊದಲನೇ ಹೂವು ಬಿಟ್ಟು ಎರಡು ತಿಂಗಳು ಬಾಡದೆ ನಿಂತಿತಲ್ಲ, ಆವಾಗ ನಾನು ಸೋತೆ.

ಗಿಡಕ್ಕೆ ಮನೆ ಕಟ್ಟುತ್ತೇನೆ ಅಂತ ಹೊರಟವನು ನಾನೇ. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ, ನೀಲಗಿರಿ ಕಂಬ. ಗಣಿಯಲ್ಲಿ ಬಂಡೆಗೆ ಮರದ ಆಸರೆ ಕೊಡುತ್ತಿದ್ದವನಿಗೆ ಅದೇನು ದೊಡ್ಡ ಕೆಲಸ? ಬಿಸಿ ಬೇಕು, ತೇವ ಬೇಕು, ಬಿಸಿಲು ಕಮ್ಮಿ ಬೇಕು ಅಂದೆ ನೀನು. ಅದೆಲ್ಲ ನನಗೆ ಗಣಿಯ ಕೆಳಗೇ ಗೊತ್ತಿದ್ದದ್ದು ಅಂತ ಪ್ಲಾಸ್ಟಿಕ್ ಹೊದಿಸಿ ಒಂದು ಸಂದೂ ಬಿಡದೆ ಮುಚ್ಚಿಬಿಟ್ಟೆ. ವಾರಕ್ಕೇ ಚಿಗುರು ಕಪ್ಪಾಗಿ ಕೊಳೆಯಿತು. "ಮಾವ, ಮ್ಯಾಲೆ ಕುಯ್ದುಬಿಡಿ, ಉಸ್ರಾಡ್ಲಿ" ಅಂದೆ. ನಾನು ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ ಏಣಿ ಹಾಕಿ ಮಾಡಿನ ಬೆನ್ನುದ್ದಕ್ಕೂ ಒಂದಡಿ ತೆರಪು ಕುಯ್ದೆ. ನೀನು ಕೆಳಗೆ ಏಣಿ ಹಿಡಿದು ನಿಂತು ನಗುತ್ತಿದ್ದೆ. ನಕ್ಕದ್ದು ನನಗೆ ಕಾಣಲಿಲ್ಲ ಅಂದುಕೊಂಡಿದ್ದೀಯ.

ಈ ಆರು ತಿಂಗಳಲ್ಲಿ ಅದನ್ನು ಬಿಚ್ಚಿ ಕಟ್ಟಿದ್ದೇನೆ. ಪಡುವಣ ಕಡೆಯಿಂದ ಗಣಿ ಮರಳಿನ ದಿಬ್ಬದ ಧೂಳು ಬಂದು ಎಲೆ ಮೇಲೆ ಕೂರುತ್ತಿತ್ತಲ್ಲ, ಆ ಕಡೆ ಹಸಿರು ಬಲೆ ಎರಡು ಪದರ ಮಾಡಿ ನಡುವೆ ಒದ್ದೆ ಗೋಣಿ ತೂಗುಹಾಕಿದ್ದೇನೆ. ಧೂಳು ಗೋಣಿಯಲ್ಲೇ ನಿಲ್ಲುತ್ತದೆ. ಮನೆಯ ಶೀಟಿನ ನೀರು ಇಳಿಯುವ ಕಡೆ ಮೂರು ಡ್ರಮ್ಮು ಇಟ್ಟಿದ್ದೇನೆ. ಮೂರೂ ತುಂಬಿವೆ, ಸಂಕ್ರಾಂತಿ ತನಕ ಬೋರಿನ ನೀರು ಮುಟ್ಟಬೇಕಾಗಿಲ್ಲ. ಹಲಗೆ ಕಿತ್ತು ಕಬ್ಬಿಣದ ಜಾಲರಿ ಹಾಕಿದೆ, ಕುಂಡದ ತಳಕ್ಕೂ ಗಾಳಿ ಆಡುತ್ತದೆ. ಅದರ ಎತ್ತರ ನಿನ್ನ ಸೊಂಟಕ್ಕೆ ಸರಿಯಾಗಿ ಇಟ್ಟಿದ್ದೇನೆ, ಬಗ್ಗುವ ಹಾಗಿಲ್ಲ. ಈಗ ಚಳಿ ಶುರುವಾಗಿದೆ. ಹೊತ್ತು ಮುಳುಗುವಾಗ ಪ್ಲಾಸ್ಟಿಕ್ ಇಳಿಸುತ್ತೇನೆ, ಬಿಸಿಲೇರಿದ ಮೇಲೆ ಸುತ್ತಿ ಕಟ್ಟುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ.

ಔಷಧಿ ಹೊಡೆಯುವ ಪಂಪನ್ನು ಕೊಡಲಿಯಿಂದ ಹೊಡೆದು ಹಾಕಿದೆ. ಬಿಳಿ ಹಿಟ್ಟಿನ ಹುಳ ಈಗಲೂ ಬರುತ್ತದೆ. ಹತ್ತಿ, ಸೋಪಿನ ನೀರು ತೆಗೆದುಕೊಂಡು ಒಂದೊಂದೇ ಎಲೆ ಒರೆಸುತ್ತೇನೆ, ಮೇಲೆ, ಕೆಳಗೆ, ಕಂಕುಳಲ್ಲಿ. ನಲವತ್ನಾಲ್ಕು ಗಿಡ ಒಂದು ಸುತ್ತು ಮುಗಿಯುವುದಕ್ಕೆ ಮೂರು ದಿನ ಬೇಕು. ಮುಗಿದ ಮೇಲೆ ಮತ್ತೆ ಮೊದಲಿಂದ. ಆಂಜಿನಪ್ಪನಿಗೆ ತಲೆ ಕೆಟ್ಟಿದೆ, ಗಿಡಕ್ಕೆ ಸ್ನಾನ ಮಾಡಿಸುತ್ತಾನೆ ಅಂತ ಲೈನಿನ ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ನೇರಳೆ ಬಣ್ಣದ್ದು ಮೂರು ಹೂಕಡ್ಡಿ ಬಿಟ್ಟಿದೆ. ನೋಡುವವರಿಲ್ಲ.

ಹೇಳಬೇಕಾದದ್ದು ಇಷ್ಟು. ನೀನು ಬರುವುದಾದರೆ ಗಿಡದ ಮನೆ ಹೀಗೇ ಇರುತ್ತದೆ. ಬರುವುದಿಲ್ಲ ಅಂದರೆ ಗಿಡ ನಿನ್ನವು, ಒಂದನ್ನೂ ಇಟ್ಟುಕೊಳ್ಳುವುದಿಲ್ಲ, ಟೆಂಪೋ ಮಾಡಿ ನಾನೇ ತಂದು ಇಳಿಸುತ್ತೇನೆ. ಆಮೇಲೆ ಕಂಬ ಕಿತ್ತು ಒಲೆಗೆ ಹಾಕುತ್ತೇನೆ. ನಿನಗೆ ರಕ್ತ ಕಮ್ಮಿ ಅಂದಿದ್ದರು ಡಾಕ್ಟರು. ನುಗ್ಗೆಸೊಪ್ಪು ತಿನ್ನು, ಕೂಲಿಗೆ ಹೋಗಬೇಡ, ಆ ಹೂವಿನ ತೋಟಕ್ಕಂತೂ ಹೋಗಲೇಬೇಡ. ಗಂಗಮ್ಮ ತಾಯಿ ನಿನ್ನನ್ನು ತಣ್ಣಗಿಟ್ಟಿರಲಿ. ನಿಮ್ಮಮ್ಮನಿಗೆ ನಮಸ್ಕಾರ.

ನಿನ್ನ ಮಾವ
ಆಂಜಿನಪ್ಪ

ಮತ್ತೆ ಬರೆದದ್ದು:

ಸಹಿ ಹಾಕಿ ಮಡಿಸಿ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದೆಲ್ಲ ಸುಳ್ಳಾಗುತ್ತದೆ.

ಅವತ್ತು ಏಪ್ರಿಲ್ ಇಪ್ಪತ್ತೆರಡು. ಬೆಳಗ್ಗೆ ಪ್ಲಾಸ್ಟಿಕ್ ಇಳಿಸಿ ಔಷಧಿ ಹೊಡೆದವನು ನಾನು. ಅಂಗಡಿಯವನು ಹೇಳಿದ್ದಕ್ಕಿಂತ ಜಾಸ್ತಿ ಕಲಸಿದವನೂ ನಾನೇ. ಹೊರಗೆ ಬಂದು ಅರ್ಧ ಗಂಟೆ ಬೀಡಿ ಸೇದಿ ಪ್ಲಾಸ್ಟಿಕ್ ಎತ್ತಿದೆ. ಮೂಗಿಗೆ ವಾಸನೆ ಬರಲಿಲ್ಲ. ನೀನು ಮೆಟ್ಟಿಲ ಮೇಲೆ ಕೂತಿದ್ದೆ. ಹೋಗಿ ನೀರು ಹಾಕು, ಬಿಸಿಲಾಗುತ್ತದೆ ಅಂದೆ ನಾನು. ನೀನು ಹೇಳಿದೆ, ನನಗೆ ಒಂದೊಂದು ಅಕ್ಷರವೂ ನೆನಪಿದೆ: "ಮಾವ, ತೋಟದಾಗೆ ಔಸ್ದಿ ಒಡೆದ್ರೆ ಬಾಗ್ಲಿಗೆ ಕೆಂಪು ಬಟ್ಟೆ ಕಟ್ತಾರೆ. ನಾಳೆ ತನ್ಕ ಯಾರೂ ಓಗಂಗಿಲ್ಲ."

ಆಗ ನಾನು ಗಣಿಯ ಲೆಕ್ಕ ತೆಗೆದೆ. ಬಂಡೆ ಸಿಡಿಸಿದ ಮೇಲೆ ಅರ್ಧ ಗಂಟೆ ಕಾಯುತ್ತಿದ್ದೆವು. ಹೊಗೆ ಸರಿದು ಮೂಗಿಗೆ ಏನೂ ತಾಗದಿದ್ದರೆ ಒಳಗೆ ಹೋಗುತ್ತಿದ್ದೆವು. ಆ ಅರ್ಧ ಗಂಟೆ ನನ್ನನ್ನು ಇಪ್ಪತ್ತಾರು ವರ್ಷ ಜೀವಂತ ಮೇಲಕ್ಕೆ ತಂದಿತ್ತು. ಎಲೆಯ ಮೇಲೆ ಹಸಿಯಾಗಿ ಕೂತದ್ದು ಹೊಗೆಯಲ್ಲ, ಅದು ಕೈಯಿಂದಲೂ ಮೈಗೆ ಇಳಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ನೀನು ಹೇಳಿದೆ. "ನೆಲದ್ ಕೆಳ್ಗೆ ಬದ್ಕಿದ್ದೋನ್ಗೆ ಕೂಲಿಯೋಳು ಬುದ್ಧಿ ಏಳ್ತಾಳೆ. ಬಸ್ರಿ ಅನ್ನೋ ನೆಪ ಇಟ್ಕೊಂಡು ಕೂತವ್ಳೆ" ಅಂದೆ ನಾನು. ನೀನು ಎದ್ದು ಕೊಡ ತೆಗೆದುಕೊಂಡು ಒಳಗೆ ಹೋದೆ.

ಮಧ್ಯಾಹ್ನಕ್ಕೆ ವಾಂತಿ. ಸಂಜೆಗೆ ಆಸ್ಪತ್ರೆ. ಯಾರು ಈಕೆಯನ್ನು ಒಳಗೆ ಬಿಟ್ಟದ್ದು ಅಂತ ಡಾಕ್ಟರಮ್ಮ ಕೇಳಿದರು. ಪಕ್ಕದಲ್ಲಿ ವೇಣು ನಿಂತಿದ್ದ. ನೀನು ಮಂಚದ ಮೇಲೆ ಕಣ್ಣು ಬಿಟ್ಟುಕೊಂಡೇ ಇದ್ದೆ. "ನಾನ್ ಬ್ಯಾಡ ಅಂದೆ, ಕೇಳ್ಲಿಲ್ಲ" ಅಂದೆ ನಾನು. ನೀನು ನನ್ನ ಕಡೆ ನೋಡಿದೆ. ಆಮೇಲೆ ಗೋಡೆ ಕಡೆ ತಿರುಗಿದೆ. ಮಾರನೇ ದಿನ ವೇಣು ಗಂಡುಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ನಾನು ಆಡಿದ ಆ ಒಂದು ಮಾತನ್ನೇ ಈಗ ಊರೆಲ್ಲ ಆಡುತ್ತಿದೆ. ನನ್ನ ತಂಗಿಯ ಬಾಯಿಗೂ ಅದನ್ನು ಇಟ್ಟವನು ನಾನೇ.

ಮೊನ್ನೆ ಭಾನುವಾರ ವೇಣುವಿಗೆ ಇದೆಲ್ಲ ಹೇಳಿದೆ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಆಗಿತ್ತು. ಒಂದೇ ಮಾತು ಕೇಳಿದ. "ಅವ್ಳ್ಯಾಕಪ್ಪ ನಂಗೇಳ್ಲಿಲ್ಲ?" ಅಲ್ಲಿಂದಾಚೆಗೆ ಅವನು ನನ್ನ ಕೈಯ ಅನ್ನ ತಿಂದಿಲ್ಲ.

ಹದಿನಾರಕ್ಕೆ ನಾನು ಬರುತ್ತೇನೆ. ಚಿಕ್ಕವೆಂಕಟಮ್ಮ ಬಾಯಿ ತೆಗೆಯುವ ಮೊದಲೇ ಎಲ್ಲರ ಎದುರು ಹೇಳುತ್ತೇನೆ. ನಾನು ಅವತ್ತು ನಾಲಗೆ ನುಂಗಿಕೊಂಡರೆ ಈ ಕಾಗದ ನಿನ್ನ ಕೈಯಲ್ಲಿದೆ, ಓದಿಸು. ಮುದುಕ ಇರುವ ಮನೆಗೆ ಬರಲಾರೆ ಅಂದರೆ ಅದೂ ಸರಿ, ಉರಿಗಾಂನಲ್ಲಿ ಒಂದು ಖಾಲಿ ಕೋಣೆ ನೋಡಿ ಬಂದಿದ್ದೇನೆ. ಕ್ಷಮಿಸು ಅಂತ ಬರೆಯುವುದಿಲ್ಲ. ಬರೆದರೆ ನಿನ್ನ ಮೇಲೆ ಇನ್ನೊಂದು ಕೆಲಸ ಹೊರಿಸಿದ ಹಾಗೆ.

ಆದರೆ ವೇಣು ಕೇಳಿದ್ದಕ್ಕೆ ಉತ್ತರ ನಿನ್ನ ಹತ್ತಿರ ಮಾತ್ರ ಇದೆ. ಆರು ತಿಂಗಳು ನೀನು ಯಾಕೆ ನನ್ನ ಹೆಸರು ಹೇಳಲಿಲ್ಲ? ಹೆದರಿದೆಯಾ, ಇಲ್ಲ ಹೇಳಿದರೂ ಯಾರೂ ನಂಬುವುದಿಲ್ಲ ಅಂದುಕೊಂಡೆಯಾ? ನನ್ನ ಮೇಲೆ ಕನಿಕರ ತೋರಿಸಿದ್ದೇನೆ ಅಂತ ಮಾತ್ರ ಬರೆಯಬೇಡ. ಹದಿನಾಲ್ಕನೇ ತಾರೀಕು ಶುಕ್ರವಾರದೊಳಗೆ ನನಗೆ ಉತ್ತರ ಬರಬೇಕು.