ಡೊಳ್ಳಿನ ಹಿಂದಿನ ಏಕತಾರಿ

ನಮ್ಮ ಹುಲಗೆಮ್ಮನ ಅಪ್ಪನಿಗೆ,

ಸತ್ತು ವರ್ಷವಾದರೂ ನಿನ್ನ ಡೊಳ್ಳಿನ ಸೊಕ್ಕು ಇಳಿದಿಲ್ಲ. ನಮ್ಮ ಭಜನೆಯ ಕ್ಯಾಸೆಟ್ಟಿನಲ್ಲಿ ನನ್ನ ಏಕತಾರಿ ಎಲ್ಲಿಯೂ ಕೇಳುವುದಿಲ್ಲ. ಇದ್ದದ್ದು ಒಂದೇ ಮೈಕು, ಅದರ ಬಾಯಿಗೇ ಡೊಳ್ಳು ಹಿಡಿದು ನಿಂತವನು ನೀನು. "ಹಿಂದಕ ಸರಿ" ಎಂದರೆ ಇನ್ನೂ ಜೋರಾಗಿ ಬಡಿದೆ.

ಇವತ್ತು ಗಂಗಾವತಿಗೆ ಹೋಗಿ ಕ್ಯಾಸೆಟ್ ಅಂಗಡಿಯ ಶಬ್ಬೀರಸಾಬನ ಮುಂದೆ ಕುಳಿತೆ.

"ಆ ಡೊಳ್ಳಿನ ಬಾಯಿ ಮುಚ್ಚಪಾ. ನನ್ನ ತಂತಿ ಕೇಳಬೇಕು."

ಅವನು ದಪ್ಪ ದನಿ ಏರಿಸಿ ಇಳಿಸುವ ಬಾಸ್ ತಿರುಪು ಇಳಿಸಿದ. ಡೊಳ್ಳು ಅಡಗಿತು. ಅದರ ಹಿಂದೆ ಅಷ್ಟಿಷ್ಟು ಇದ್ದ ಏಕತಾರಿಯೂ ಹೋಯಿತು. ತಾಳದ ಕಿಣಿಕಿಣಿ ಮಾತ್ರ ಉಳಿಯಿತು.

"ಎರಡೂ ದಪ್ಪ ದನಿ ಅದಾವ್ರಿ ಯವ್ವಾ. ಒಂದ ಮೈಕಿನ್ಯಾಗ ಕೂಡಿ ಬಿಟ್ಟಾವ, ಬ್ಯಾರೆ ಮಾಡಾಕ ಬರಂಗಿಲ್ಲ. ಹಿಂಗ ಇರ್ಲೇನ್ರಿ?"

"ಬ್ಯಾಡ, ಏರ್ಸು."

"ಎಷ್ಟ್ರಿ?"

"ಪೂರಾ ಏರ್ಸು. ಆ ಮುದುಕಗ ಮೆಲ್ಲಕ ಬಡ್ಯಾಕ ಎಲ್ಲಿ ಬರತೈತಿ!"

ಅಂಗಡಿಯ ಗಾಜೆಲ್ಲ ನಡುಗುವ ಹಾಗೆ ಬಡಿದೆ ನೀನು, ದಾಂಡಿಗ.

ಭಜನೆಯಲ್ಲಿ ನಿನ್ನ ಜಾಗಕ್ಕೆ ಈಗ ವೆಂಕೋಬ ಬಂದಿದ್ದಾನೆ. ಭಾಳ ಮರ್ಯಾದಸ್ಥ, ಮೈಕಿನಿಂದ ದೂರ ನಿಂತು ಮೆತ್ತಗೆ ಬಡಿಯುತ್ತಾನೆ. ನನ್ನ ಏಕತಾರಿ ಊರಿಗೆಲ್ಲ ಕೇಳುತ್ತದೆ. ಯಾರಿಗೆ ಬೇಕಾಗಿತ್ತು?