ಭತ್ತದ ದರ ಮತ್ತು ನಿಮ್ಮ ಮೊಮ್ಮಗಳ ಗಣಿತ

ಯಜಮಾನರಿಗೆ,

ಸಿಂಧನೂರಿನ ಧಾನ್ಯದ ಗಂಜಿನಲ್ಲಿ ರೈತರ ಮಾಲು ಮಾರಿಸಿಕೊಡುವ ನಿಮ್ಮ ಅಡತಿ ಅಂಗಡಿ ನೀವು ತೀರಿಕೊಂಡ ಮೇಲೂ ನಡೆಯುತ್ತಿದೆ. ಮಸ್ಕಿಯಲ್ಲಿ ಹೈಸ್ಕೂಲು ಓದಿದ ನಿಮ್ಮ ಹೆಂಡತಿ ಗೌರಮ್ಮ, ಅಂದರೆ ನಾನೇ, ನಡೆಸುತ್ತಿದ್ದೇನೆ. ಗಾದಿಯ ಮೇಲೆ ಮಗ ಅಮರೇಶ ಕೂಡುತ್ತಾನೆ ನಿಜ, ಆದರೆ ಕೊನೆಯ ಮಾತು ನನ್ನದೇ.

ನೆನಪಿದೆಯೇ, ದರ ಏರುತ್ತದೋ ಇಳಿಯುತ್ತದೋ ಎಂದು ಬಾಜಿ ಕಟ್ಟುವ ಸಟ್ಟಾ ಆಡಿ ಅಂದ ದಲ್ಲಾಳಿಯನ್ನು ನೀವು ಮೆಟ್ಟಿಲಿನಿಂದಲೇ ಹೊರಗೆ ಕಳಿಸಿದ್ದು? ಅಂದಿನಿಂದ ಸಟ್ಟಾದ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಲಿಂಗಸೂಗೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಮೊಮ್ಮಗಳು ಶ್ರೀದೇವಿ, "ಕ್ವಾಂಟಿಟೇಟಿವ್ ಫೈನಾನ್ಸ್ ಕಲಿತೀನಿ. ಮಾರ್ಕೆಟ್ಟಿನ ಏರಿಳಿತ ಗಣಿತದಾಗ ಅಳೆಯೋ ಕೆಲಸ" ಎಂದಾಗ ಅಮರೇಶ ಹೌಹಾರಿದ.

"ಯವ್ವಾ, ಇದು ಸಟ್ಟಾನ ಐತಿ. ಅಪ್ಪಾ ಇದ್ದಿದ್ರ ಸುಮ್ನಿರ್ತಿದ್ನೇನು? ಬಿ.ಎಡ್. ಮಾಡ್ಲಿ."

ಅವಳನ್ನು ಎದುರಿಗೆ ಕೂಡಿಸಿಕೊಂಡೆ. "ಯಾವ ಮಾಲು ಏರ್ತೈತಿ ಅಂತ ಹೇಳಿಕೊಡೋ ಮಾಸ್ತರ ಯಾರಬೇ?"

"ಹಂಗ ಹೇಳಿಕೊಡಾವ ಮಾಸ್ತರಲ್ಲ ಆಯಿ, ಕಳ್ಳ."

ನಗು ಬಂತು, ತೋರಿಸಲಿಲ್ಲ. ಅವಳು ಕಲಿಯುವುದು ಮೊದಲು ಸಂಭವನೀಯತೆ, ಸಂಖ್ಯಾಶಾಸ್ತ್ರ, ಆಮೇಲೆ ಕಂಪ್ಯೂಟರಿಗೆ ಲೆಕ್ಕ ಹೇಳುವ ಪೈಥಾನ್ ಎಂಬ ಭಾಷೆಯಂತೆ. ಶೇರು, ಬಾಂಡುಗಳ ಪುಸ್ತಕ ಕೊನೆಗಂತೆ. ದೊಡ್ಡ ದೊಡ್ಡ ಕಾಲೇಜುಗಳ ಪಾಠ ಫೋನಿನಲ್ಲಿ ಪುಕ್ಕಟೆ ಸಿಗುತ್ತದಂತೆ. ಬರೀ ಕೇಳಿದರೆ ಬರುವುದಿಲ್ಲ, ಕೂತು ಲೆಕ್ಕ ಬಿಡಿಸಬೇಕು ಎಂದಳು.

ಬಿಡಿಸಿದ್ದನ್ನೂ ತೋರಿಸಿದಳು. ನಮ್ಮ ಗಂಜಿನ ಹಳೆಯ ಭತ್ತದ ದರಗಳನ್ನೇ ಕಂಪ್ಯೂಟರಿಗೆ ಹಾಕಿ ಮುಂದಿನ ದರ ಅಂದಾಜಿಸಿದ್ದಳು. ಅಂದಾಜು ತಪ್ಪಿತ್ತು. ಹುಡುಗಿ ಹಿಗ್ಗುತ್ತಿದ್ದಳು!

"ತಪ್ಪಿದ್ರ ನಗತೀ ಏನ?"

"ಎಷ್ಟು ತಪ್ಪಬೌದು ಅಂತ ಮೊದ್ಲ ಹೇಳಿದ್ನಲ್ಲ ಆಯಿ? ಅಷ್ಟರೊಳಗ ತಪ್ಪೈತಿ."

ದಢೇಸುಗೂರಿನ ನಮ್ಮ ಗದ್ದೆಯ ಭತ್ತ ಬಂದಾಗ ನೀವು ಎಲ್ಲವನ್ನೂ ಒಂದೇ ದಿನ ಮಾರುತ್ತಿರಲಿಲ್ಲ. "ನನ್ನ ಎಣಿಕೀನೂ ತಪ್ಪಬೌದು" ಎಂದು ಒಂದಷ್ಟು ಹಿಂದಿಡುತ್ತಿದ್ದಿರಿ. ಸಟ್ಟಾ ಆಡುವವನಿಗೆ ಎಲ್ಲಿಯದು ಈ ಎಚ್ಚರ? ನಿಮ್ಮ ಬುದ್ಧಿಯೇ ಅವಳಿಗೆ... ಇರಲಿ, ಹೊಗಳಿದರೆ ನಿಮಗೆ ಸೇರುತ್ತಿರಲಿಲ್ಲ.

ಬೇಕಾದ ಪುಸ್ತಕಗಳು ಸಿಂಧನೂರಿನಲ್ಲಿ ಸಿಗಲಿಲ್ಲ, ಹೊರಗಿನಿಂದ ತರಿಸಿದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಯಲ್ಲಿ ಏನೇನಿಡಬೇಕೆಂದು ಹೇಳುವವಳು ನಾನೇ ಅಲ್ಲವೇ? ಪೂಜೆಗೆ ಇಟ್ಟದ್ದೆಲ್ಲ ಆ ಮನೆಯ ಕಸುಬು ಎಂಬುದು ಗಂಜಿನ ರೂಢಿ. ಆಮೇಲೆ ಗಂಜಿನಲ್ಲಿ ಅದನ್ನು ಯಾರೂ ಹಳಿಯುವಂತಿಲ್ಲ. ಈ ಸಲ ತಕ್ಕಡಿಯ ಪಕ್ಕದಲ್ಲಿ ಅವಳ ಗಣಿತದ ಪುಸ್ತಕ, ಲ್ಯಾಪ್‌ಟಾಪು ಇಟ್ಟೆ. ಪೂಜೆಗೆ ಬಂದ ವ್ಯಾಪಾರಸ್ಥರೆಲ್ಲ ನೋಡುತ್ತಿದ್ದಂತೆ ಶ್ರೀದೇವಿಯಿಂದ ಅರಿಶಿನ ಕುಂಕುಮ ಹಚ್ಚಿಸಿದೆ. ಕಾಯಿಯನ್ನು, ಇದು ಸಟ್ಟಾ ಎಂದಿದ್ದ ಅಮರೇಶನ ಕೈಯಿಂದಲೇ ಒಡೆಸಿದೆ.