ನಲವತ್ತೆಂಟು ಮೆಟ್ಟಿಲು

ವೇಬ್ರಿಡ್ಜ್ ಕ್ಯಾಬಿನ್,
ಮಂಗಳವಾರ, ಮಾರ್ಚ್ ೧೧, ಮಧ್ಯಾಹ್ನದ ಬಿಡುವಿನಲ್ಲಿ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಸಕ್ಕರೆ ಎಷ್ಟಿದೆ? ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ? "ನಂಗೇನಾಗಿದೆ, ಗುಂಡುಕಲ್ಲು ಇದ್ದಂಗಿದೀನಿ" ಅಂತ ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ನಾನು ಕೇಳಿದ್ದು ಮಂಡಿಯ ವಿಷಯ ಮಾರಾಯ್ತಿ. ನಿಜ ಹೇಳು.

ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಅಕ್ಟೋಬರಿನಿಂದ ಇಲ್ಲಿಯವರೆಗೆ ಐದು ತಿಂಗಳು ನಿನ್ನ ದನಿ ಕೇಳದೆ ಕಳೆದಿದ್ದೇನೆ. ಹುಟ್ಟಿದಾಗಿನಿಂದ ಐದು ದಿನ ಹಾಗೆ ಇದ್ದವನಲ್ಲ ನಾನು. ಅದಕ್ಕೇ ಪತ್ರ ಬರೆಯಲು ಕೂತೆ. ಇದನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಒಂದು ಸಲ ಓದಿಯೇ ಓದುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ?

ಮೊದಲು ಮನೆಯ ಸುದ್ದಿ. ನಿನ್ನ ನಾದಿನಿ ಚೆನ್ನಾಗಿದ್ದಾಳೆ, ಶಾಲೆಯ ಆಫೀಸಿನ ಕೆಲಸ ಹಾಗೇ ನಡೆದಿದೆ, ನನ್ನ ಹಳೆಯ ಪ್ಯಾಂಟುಗಳನ್ನು ಕತ್ತರಿಸಿ ಒಂದೊಂದರಿಂದ ಎರಡೆರಡು ಚೀಲ ಹೊಲಿದು ಅಕ್ಕಪಕ್ಕದವರಿಗೆಲ್ಲ ಹಂಚಿದ್ದಾಳೆ. ತರಕಾರಿ ಅಂಗಡಿಗೆ ಹೋದರೆ ನಾಲ್ಕು ಜನರ ಕೈಯಲ್ಲಿ ನನ್ನ ಪ್ಯಾಂಟು ನೇತಾಡುತ್ತಿರುತ್ತದೆ. ಪುಟ್ಟಿಗೆ ಎಂಟು ತುಂಬಿತು. ಬಾಯಿ ಮಾತ್ರ ಎಂಬತ್ತು ತುಂಬಿದವರದ್ದು. ಅತ್ತೆ ಯಾಕೆ ಫೋನ್ ಎತ್ತಲ್ಲ ಅಂತ ದಿನಾ ಕೇಳುತ್ತಾಳೆ. ಅತ್ತೆಗೆ ಅಪ್ಪನ ಮೇಲೆ ಕೋಪ, ನಿನ್ನ ಮೇಲಲ್ಲ ಅಂದಿದ್ದೇನೆ. ನಾನು ಹೇಳಿದ್ದು ಸರಿ ತಾನೆ?

ಅಕ್ಕಾ, ತೂಕ ಇಳಿಸುವ ಆಪರೇಷನ್ ಆಗುವ ಮೊದಲು ನಿನಗೆ ಹೇಳದೆ ಇದ್ದದ್ದು ನನ್ನ ತಪ್ಪು. ಹೇಳಿದ್ದರೆ ನೀನು ಆಸ್ಪತ್ರೆಯ ಬಾಗಿಲಿಗೇ ಅಡ್ಡ ಮಲಗುತ್ತಿದ್ದೆ ಎಂಬ ಹೆದರಿಕೆ. ಎಲ್ಲ ಮುಗಿದ ಮೇಲೆ ಫೋನ್ ಮಾಡಿದಾಗ ನೀನು "ಹೊಟ್ಟೆ ಕೊಯ್ಸ್ಕೊಂಡ್ಯಾ? ನಾನು ಹಾಕಿದ್ ಅನ್ನ ಅಷ್ಟು ಭಾರ ಆಯ್ತಾ ನಿಂಗೆ?" ಅಂದೆ. ಆಮೇಲೆ ಆರನೇ ತಿಂಗಳಿಗೆ ಖುಷಿಯಾಗಿ ಫೋಟೋ ಕಳಿಸಿದೆನಲ್ಲ, ಅದು ಇನ್ನೂ ದೊಡ್ಡ ತಪ್ಪು. ಆಗ ನನ್ನ ತಲೆಗೂದಲು ಉದುರುತ್ತಿತ್ತು, ಕೆನ್ನೆ ಗುಳಿ ಬಿದ್ದಿತ್ತು. "ಅಮ್ಮನ ಮುಖ ಬಂದಿದೆ, ನನ್ ಕೈಲಿ ನೋಡಕ್ಕಾಗಲ್ಲ" ಅಂತ ಇಟ್ಟವಳು ಮತ್ತೆ ಫೋನ್ ಎತ್ತಲಿಲ್ಲ. ಈಗ ಕೂದಲು ಬಂದಿದೆ. ಕೆನ್ನೆಯೂ ಒಂದಿಷ್ಟು ಬಂದಿದೆ. ನನಗೆ ಕಾಯಿಲೆ ಇಲ್ಲ ಅಕ್ಕಾ. ಅಮ್ಮನಿಗೆ ಆದದ್ದು ನನಗೆ ಆಗಿಲ್ಲ. ಇದನ್ನು ಎರಡು ಸಲ ಓದು.

ಆಪರೇಷನ್ ಯಾಕೆ ಮಾಡಿಸಿಕೊಂಡೆ ಅಂತ ನಿನಗೆ ನಾನು ಪೂರ್ತಿ ಹೇಳಿಯೇ ಇಲ್ಲ, ನಾಚಿಕೆ. ಈಗ ಕೇಳು. ಇಲ್ಲಿ ಲಾರಿಯನ್ನು ಕಬ್ಬಿಣದ ಹಾಸಿನ ಮೇಲೆ ನಿಲ್ಲಿಸಿ ಖಾಲಿ ತೂಕ ಒಮ್ಮೆ, ತುಂಬಿದ ತೂಕ ಒಮ್ಮೆ ತೆಗೆಯುತ್ತೇವೆ, ಅದು ನಿನಗೆ ಗೊತ್ತು. ತೂಗುವಾಗ ಹಾಸಿನ ಮೇಲೆ ನರಪಿಳ್ಳೆಯೂ ಇರಬಾರದು. ಆವತ್ತು ಮಾಲು ತುಂಬಿ ಬಂದ ಒಂದು ಸಿಮೆಂಟ್ ಲಾರಿಯ ಹಿಂದಿನ ಚಕ್ರ ಅಂಚಿಗೆ ನಿಂತಿದೆಯೇನೋ ಅಂತ ಅನುಮಾನ ಬಂತು. ನೋಡಲು ಹಾಸಿನ ಮೇಲೆ ಹತ್ತಿದೆ. ಹತ್ತಿದವನು ಏದುಸಿರು ಬಂದು ಸೊಂಟದ ಮೇಲೆ ಕೈ ಇಟ್ಟು ಅಲ್ಲೇ ನಿಂತೆ. ಒಳಗೆ ಚೀಟಿಯಮ್ಮ ಗುಂಡಿ ಒತ್ತಿಬಿಟ್ಟಳು. (ಚೀಟಿ ಮುದ್ರಿಸುವ ಹೆಂಗಸನ್ನು ನಾವೆಲ್ಲ ಹಾಗೇ ಕರೆಯುವುದು, ಅವಳಿಗೂ ಅದೇ ಇಷ್ಟ.) ಮರುದಿನ ಸಿಮೆಂಟಿನವನು ಚೀಟಿ ಹಿಡಿದುಕೊಂಡು ಬಂದು ಕೂಗಾಡಿದ. ಚೀಟಿಯಲ್ಲಿ ಇದ್ದದ್ದಕ್ಕಿಂತ ಮಾಲು ನೂರೆಂಬತ್ತು ಕಿಲೋ ಕಡಿಮೆ! ಕಳ್ಳತನ ಅಂತ ಗಲಾಟೆ. ಮ್ಯಾನೇಜರ್ ಕ್ಯಾಮೆರಾದ ವಿಡಿಯೋ ಹಾಕಿಸಿ ನೋಡಿದರೆ, ಲಾರಿಯ ಹಿಂದೆ ನಿಂತಿದ್ದೆ ನಾನು, ಇನ್ನೊಂದು ಲಾರಿಯ ಹಾಗೆ. "ಇವನ್ನೂ ಸಿಮೆಂಟ್ ಲೆಕ್ಕಕ್ಕೆ ಹಾಕ್ಬಿಟ್ಟಿದಾರಲ್ಲಪ್ಪ!" ಅಂತ ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ದಪ್ಪಗಿರುವವನು ಮೊದಲು ಕಲಿಯುವ ವಿದ್ಯೆಯೇ ಅದು, ಬೇರೆಯವರು ನಗುವ ಮೊದಲು ತಾನು ನಗುವುದು.

ಸಂಜೆ ಮನೆಯಲ್ಲಿ ಅದನ್ನೇ ತಮಾಷೆಯಾಗಿ ಹೇಳಿದೆ. ಪುಟ್ಟಿ ನಗಲಿಲ್ಲ. "ಹಾಗಾದ್ರೆ ನೀನು ಎಷ್ಟು ಚೀಲ ಅಪ್ಪಾ?" ಅಂತ ಕೇಳಿದಳು. ಹೆಚ್ಚುಕಡಿಮೆ ಮೂರೂವರೆ ಅಂದೆ. ಅವಳು ಬೆರಳು ಮಡಚಿ ಏನೋ ಯೋಚಿಸಿ, "ನೀನು ಬಿದ್ರೆ ನಾನೂ ಅಮ್ಮನೂ ಎತ್ತಕ್ಕಾಗಲ್ಲ ಅಲ್ವಾ?" ಅಂದಳು. ಮರುದಿನವೇ ರಜಾ ಹಾಕಿ ಡಾಕ್ಟರ ಹತ್ತಿರ ಹೋದೆ.

ಇನ್ನು ಆಪರೇಷನ್ ಅಂದರೆ ಮಂತ್ರ ಹಾಕಿದ ಹಾಗೆ ಅಂದುಕೊಂಡಿದ್ದೀಯೇನೋ. ಊರೆಲ್ಲ ಹಾಗೇ ಅಂದುಕೊಂಡಿದೆ, ಕತ್ತರಿಸಿದರು, ಕರಗಿದ, ಮುಗಿಯಿತು. ಎರಡು ವಾರ ಬರೀ ನೀರು, ಗಂಜಿ ತಿಳಿ. ಆಮೇಲೆ ಅರ್ಧ ಮೊಟ್ಟೆ ತಿನ್ನಲು ಅರ್ಧ ಗಂಟೆ. ಊಟದ ಜೊತೆ ನೀರು ಕುಡಿಯುವಂತಿಲ್ಲ. ಮಾತ್ರೆ ಜೀವ ಇರುವ ತನಕ. ಸಡಿಲವಾದ ಚರ್ಮ ಹೊಟ್ಟೆಯ ಮೇಲೆ ಮಡಚಿ ಕೂತಿದೆ, ಬೇಸಿಗೆಯಲ್ಲಿ ಉರಿಯುತ್ತದೆ, ಅದನ್ನು ನಾನು ಯಾರಿಗೂ ತೋರಿಸುವುದಿಲ್ಲ. ಐದನೇ ತಿಂಗಳಲ್ಲಿ ಚೀಟಿಯಮ್ಮನ ಮಗನಿಗೆ ಕೆಲಸ ಸಿಕ್ಕಿತೆಂದು ಕೇಕ್ ತಂದಿದ್ದಳು. ಎಲ್ಲರ ಕಣ್ಣು ತಪ್ಪಿಸಿ ಕ್ಯಾಬಿನ್ನಿನ ಹಿಂದೆ ಹೋಗಿ ಎರಡು ತುಂಡು ಗಬಗಬ ತಿಂದೆ. ಹತ್ತು ನಿಮಿಷಕ್ಕೆ ಮೈಯೆಲ್ಲ ಬೆವರು, ಎದೆ ಡವಡವ, ಕಣ್ಣು ಕತ್ತಲೆ. ಹಾಸಿನ ಪಕ್ಕದಲ್ಲೇ ಕುಸಿದು ಕೂತೆ. ಹೊಟ್ಟೆ ಚಿಕ್ಕದಾಗಿತ್ತು, ಚಪಲ ಇದ್ದಷ್ಟೇ ಇತ್ತು. ಆವತ್ತು ಅತ್ತುಬಿಟ್ಟೆ. ಮರುದಿನ ಮತ್ತೆ ಅರ್ಧ ಮೊಟ್ಟೆಯಿಂದ ಶುರು ಮಾಡಿದೆ. ಬಿದ್ದರೆ ಮರುದಿನ ಶುರು ಮಾಡುವುದು, ನನಗೆ ಗೊತ್ತಿರುವ ಉಪಾಯ ಇದೊಂದೇ. ನೂರ ಎಪ್ಪತ್ತಾರು ಇದ್ದವನು ನೂರ ಒಂದಕ್ಕೆ ಬಂದಿದ್ದೇನೆ. ಇನ್ನೂ ಇಳಿಸುತ್ತೇನೆ.

ಆಸ್ಪತ್ರೆಯಲ್ಲಿ ಊಟದ ವಿಷಯ ನೋಡಿಕೊಳ್ಳುವ ಒಬ್ಬ ಮೇಡಂ ಇದ್ದಾರೆ, ಬಲು ಗಟ್ಟಿ ಹೆಂಗಸು, ನಿನಗೆ ಸರಿಯಾದ ಜೋಡಿ. ಮೊದಲ ದಿನವೇ, "ಹೊಟ್ಟೆ ತುಂಬ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದರು. ನಾನು ಯೋಚನೆಯನ್ನೂ ಮಾಡದೆ, "ಅಕ್ಕ ಸಾಕು ಅಂದಾಗ" ಅಂದುಬಿಟ್ಟೆ. ಅವರು ಪೆನ್ನು ಕೆಳಗಿಟ್ಟು, "ಅವರು ಯಾವಾಗ ಅಂತಿದ್ರು?" ಅಂದರು. ನೀನು ಯಾವತ್ತೂ ಅಂದಿಲ್ಲವಲ್ಲ ಅಕ್ಕಾ.

ಸಿಟ್ಟು ಮಾಡಿಕೊಳ್ಳಬೇಡ, ಪೂರ್ತಿ ಓದು. ಅಡುಗೆಮನೆಯ ಬಾಗಿಲ ಚೌಕಟ್ಟು ನೆನಪಿದೆಯಾ? ಬೇರೆಯವರ ಮನೆಯಲ್ಲಿ ಮಕ್ಕಳ ಎತ್ತರಕ್ಕೆ ಗೆರೆ ಹಾಕುತ್ತಾರೆ. ನೀನು ನನ್ನ ತೂಕಕ್ಕೆ ಹಾಕಿದೆ. ಅಮ್ಮ ಹೋದಾಗ ನನಗೆ ಆರು, ನಿನಗೆ ಹದಿನೇಳು. ಕೊನೆಯ ದಿನಗಳಲ್ಲಿ ಅಮ್ಮ ಮೂವತ್ತೊಂದು ಕಿಲೋಗೆ ಇಳಿದಿದ್ದಳು, ನೀನೊಬ್ಬಳೇ ಎತ್ತಿ ಮಗ್ಗುಲು ಬದಲಿಸುತ್ತಿದ್ದೆ. ಅಮ್ಮನನ್ನು ಕಳಿಸಿದ ಮೇಲೆ ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋಗಿ ಮೂಟೆ ತೂಗುವ ತಕ್ಕಡಿಯ ಮೇಲೆ ನನ್ನನ್ನು ನಿಲ್ಲಿಸಿದೆ. ಹದಿನಾಲ್ಕು. ಮನೆಗೆ ಬಂದು ಇದ್ದಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಬರೆದೆ. ಆಮೇಲೆ ಪ್ರತಿ ತಿಂಗಳೂ ಗಿರಣಿ, ಪ್ರತಿ ತಿಂಗಳೂ ಗೆರೆ. ಗೆರೆ ಮೇಲೆ ಹೋದರೆ ನಿನ್ನ ಮುಖ ಅರಳುತ್ತಿತ್ತು. ಅರ್ಧ ಕಿಲೋ ಇಳಿದರೆ ವಾರವೆಲ್ಲ "ಇನ್ನೊಂದೇ ಒಂದು ತುತ್ತು, ನನ್ನಾಣೆ". ಐವತ್ತಾದ ದಿನ ಗಿರಣಿಯವನು, "ಒಂದು ಮೂಟೆ ಆಯ್ತು ಕಣಮ್ಮ ನಿನ್ ತಮ್ಮ" ಅಂದಾಗ ನೀನು ದಾರಿಯುದ್ದಕ್ಕೂ ನಗುತ್ತಾ ಬಂದೆ. ಹತ್ತು ವರ್ಷದ ಹುಡುಗನಿಗೆ ಐವತ್ತು ಕಿಲೋ! ಆದರೆ ಆ ನಗುವಿಗಾಗಿ ನಾನು ನೂರು ಬೇಕಾದರೂ ಆಗುತ್ತಿದ್ದೆ. ಆದೆ ಕೂಡ.

ಇದರಲ್ಲಿ ನಿನ್ನ ತಪ್ಪು ಹುಡುಕುತ್ತಿಲ್ಲ. ಹದಿನೇಳರ ಹುಡುಗಿ, ಒಂದು ಜೀವ ಕೈಯಲ್ಲೇ ಕರಗಿ ಹೋದದ್ದನ್ನು ನೋಡಿದವಳು, ಇನ್ನೊಂದು ಜೀವವನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಅಷ್ಟೇ. ನಾನು ಬದುಕಿದ್ದೇ ಆ ತುತ್ತುಗಳಿಂದ. ಆದರೆ ಅಪಾಯ ಕಳೆದ ಮೇಲೂ ನಾವಿಬ್ಬರೂ ನಿಲ್ಲಿಸಲಿಲ್ಲ. ನನ್ನ ತಪ್ಪೂ ಕೇಳು. ಕೆಲಸ ತಡವಾದ ದಿನವೆಲ್ಲ ಪುಟ್ಟಿಗೆ ಒಂದು ಚಾಕೊಲೇಟ್ ಹಿಡಿದು ಹೋಗುತ್ತಿದ್ದೆ, ಅವಳು ಊಟ ಬಿಟ್ಟರೆ "ನನ್ನಾಣೆ" ಅನ್ನುತ್ತಿದ್ದೆ. ನಿನ್ನ ಮಾತೇ ನನ್ನ ಬಾಯಲ್ಲಿ. ಅವಳ ತೂಕ ನೋಡಿದ ಡಾಕ್ಟರು ಹೇಳಿದ್ದು ಇಷ್ಟೇ, "ನಿಮಗೆ ಆಪರೇಷನ್ ಮಾಡಬಹುದು, ನಿಮ್ಮನೆಗೆ ಮಾಡಕ್ಕಾಗಲ್ಲ. ಅದನ್ನ ನೀವೇ ಮಾಡ್ಕೋಬೇಕು." ಮಾಡಿಕೊಳ್ಳುತ್ತಿದ್ದೇವೆ. ಮೂವರೂ ಒಟ್ಟಿಗೆ ಕೂರುತ್ತೇವೆ, ಬೇಕಾದಷ್ಟು ತಿನ್ನುತ್ತೇವೆ, ಸಾಕು ಅಂದವರನ್ನು ಯಾರೂ ಒತ್ತಾಯ ಮಾಡುವುದಿಲ್ಲ. ನೀನು ಕಳಿಸುವ ಬಿಸ್ಕತ್ತಿನ ಡಬ್ಬಿಗಳನ್ನು ನಾನು ಲಾರಿಯವರಿಗೆ ಹಂಚಿದ್ದೇನೆ, ಇಗೋ ಬರೆದೇಬಿಟ್ಟೆ, ಬೈಯುವುದಿದ್ದರೆ ಬೈ. ನಿನ್ನ ಬೈಗುಳ ಕೇಳಿ ಎಷ್ಟು ದಿನವಾಯಿತು! ಚೌಕಟ್ಟಿಗೆ ಬಣ್ಣ ಹೊಡೆಯುತ್ತೇನೆಂದು ಇವಳು ಹೊರಟಾಗ ನಾನು ಬಿಡಲಿಲ್ಲ. ನಿನ್ನ ಗೆರೆಗಳು ಇದ್ದ ಕಡೆಯೇ ಇವೆ. ಎದುರಿನ ಪಟ್ಟಿಯಲ್ಲಿ ಪುಟ್ಟಿಯ ಎತ್ತರದ ಗೆರೆ ಶುರುವಾಗಿದೆ.

ಇನ್ನೊಂದು ಮಾತು. ನೀನು ಕೂತು ಊಟ ಮಾಡಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ನನ್ನ ಊಟವಾದ ಮೇಲೆ ನೀನು ಒಲೆಯ ಮುಂದೆ ನಿಂತು, ಪಾತ್ರೆಯಲ್ಲಿ ಉಳಿದದ್ದನ್ನು ದಂಡ ಮಾಡಬಾರದೆಂದು ಬಳಿದು ತಿನ್ನುತ್ತಿದ್ದೆ. ಈಗ ಹಾಸ್ಟೆಲಿನ ಇನ್ನೂರು ಕೆಲಸಗಾರರಿಗೆ ಬೇಯಿಸಿ ಹಾಕಿ, ಅಲ್ಲೂ ಅದನ್ನೇ ಮಾಡುತ್ತೀಯ ಅಂತ ನನಗೆ ಗೊತ್ತು. ನನ್ನ ತೂಕ ಮಾತ್ರ ಚೌಕಟ್ಟಿನ ಮೇಲೆ ಬರೆದೆವು, ನಿನ್ನದನ್ನು ಯಾರೂ ಬರೆಯಲಿಲ್ಲ. ನನ್ನ ಮಾತು ಒರಟಾಗಿದ್ದರೆ ಹೊಟ್ಟೆಗೆ ಹಾಕಿಕೋ. ನನ್ನ ಹೊಟ್ಟೆಯಲ್ಲಂತೂ ಈಗ ಜಾಗವಿಲ್ಲ.

ಹೊರಗೆ ಎರಡು ಲಾರಿ ಹಾರ್ನ್ ಹೊಡೆಯುತ್ತಿವೆ, ಚೀಟಿಯಮ್ಮ ಕಣ್ಣು ಬಿಡುತ್ತಿದ್ದಾಳೆ. ನಿನ್ನ ನಾದಿನಿ ನಮಸ್ಕಾರ ತಿಳಿಸಿದ್ದಾಳೆ. ಪುಟ್ಟಿ ಒಂದು ಮುತ್ತು ಕಳಿಸಿದ್ದಾಳೆ, ಅದರಲ್ಲಿ ಸಕ್ಕರೆ ಇಲ್ಲ, ಧಾರಾಳವಾಗಿ ತೆಗೆದುಕೋ. ಸಾಕಿದ ಕೈಗಳಿಗೆ ನನ್ನ ಹಣೆ ಮುಟ್ಟಿಸಿದ್ದೇನೆ ಅಂತ ತಿಳಿದುಕೊಂಡು ಆಶೀರ್ವಾದ ಮಾಡು.

ಇತಿ ನಿನ್ನ ತಮ್ಮ,
ಗುಂಡ
(ಈಗ ಹೆಸರಿಗೆ ಮಾತ್ರ)

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಇಟ್ಟುಕೊಂಡಿದ್ದೆ. ನಿಮ್ಮ ಹಾಸ್ಟೆಲಿನ ಸ್ಟೋರಿನವರು ಫೋನ್ ಮಾಡಿದ್ದರು. ನೀನು ಅಡುಗೆಮನೆಯಲ್ಲಿ ಜಾರಿ ಬಿದ್ದು ಮಂಡಿ ಊದಿಸಿಕೊಂಡದ್ದು, ಹನ್ನೆರಡು ದಿನದಿಂದ ಮೂರನೇ ಮಹಡಿಯ ಕೋಣೆ ಬಿಟ್ಟು ಇಳಿಯದೆ ಇರುವುದು, ಡಾಕ್ಟರ ಹತ್ತಿರ ಬಾ ಅಂದವರನ್ನೆಲ್ಲ ಗದರಿಸಿ ಓಡಿಸಿದ್ದು, ನನಗೆ ಹೇಳಕೂಡದೆಂದು ಆಣೆ ಹಾಕಿಸಿದ್ದು, ಎಲ್ಲ ಗೊತ್ತಾಯಿತು. ಪಾಪ, ಅವರ ಮೇಲೆ ಹರಿಹಾಯಬೇಡ. ನಾನು ಹತ್ತು ದಿನ ರಜಾ ಹಾಕಿದ್ದೇನೆ, ಭಾನುವಾರ ಬೆಳಿಗ್ಗೆ ಬರುತ್ತೇನೆ. ಸೋಮವಾರಕ್ಕೆ ಮೂಳೆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿ ಆಗಿದೆ. ಮೂರು ವರ್ಷದ ಹಿಂದೆ ಬಂದಿದ್ದಾಗ ನಿಮ್ಮ ನಲವತ್ತೆಂಟು ಮೆಟ್ಟಿಲಲ್ಲಿ ಆರನ್ನು ಹತ್ತಿ, ಉಸಿರು ಸಿಕ್ಕದೆ ವಾಪಸ್ ಇಳಿದು ಸ್ಟೋರಿನಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತಿದ್ದೆ. ನೀನು ಆ ಮಂಡಿ ಇಟ್ಟುಕೊಂಡು ನಾಲ್ಕು ಸಲ ತಟ್ಟೆ ಹಿಡಿದು ಇಳಿದು ಬಂದೆ. ಈ ಸಲ ನಾನು ಹತ್ತುತ್ತೇನೆ. ಹೇಗೂ ನಿನ್ನ ಹತ್ತಿರ ಬರಬೇಕೆಂದುಕೊಂಡು ಎರಡು ತಿಂಗಳಿನಿಂದ ದಿನಾ ಸಿಮೆಂಟ್ ಗೋದಾಮಿನ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದ್ದೇನೆ. ನೀನು ಬಾಗಿಲು ತೆಗೆಯದಿದ್ದರೆ ಹೊರಗೇ ಕೂರುತ್ತೇನೆ, ನನಗೆ ಹತ್ತು ದಿನ ರಜಾ ಇದೆ. ಏನೂ ಅಡುಗೆ ಮಾಡಿಸಿಡಬೇಡ. ಇಳಿಯುವಾಗ ನನ್ನ ಹೆಗಲು ಹಿಡಿದುಕೋ. ಮೊದಲಿನ ಹಾಗೆ ಮೆತ್ತಗಿಲ್ಲ, ಮೂಳೆ ಚುಚ್ಚುತ್ತದೆ. ನಲವತ್ತೆಂಟು ಮೆಟ್ಟಿಲು ಅಷ್ಟೇ, ಸಹಿಸಿಕೋ.